ಕೊಚ್ಚಿಯಲ್ಲಿ ಬಿಟ್ಟ ಬಾಗಿನ

ಅಕ್ಕ ಸಮುದ್ರಕ್ಕೆ ಬಿಡಬೇಕೆಂದು ನಮ್ಮೂರು ಬುಕ್ಕಾಂಬುಧಿಯಿಂದ ಮುಂಬೈಗೆ, ಮುಂಬೈನಿಂದ ಕೊಚ್ಚಿಗೆ ಹೊತ್ತು ತಂದಿದ್ದ ಬಾಗಿನವನ್ನು ಅವಳ ಕೈಯಿಂದಲೇ ನೀರಿಗೆ ಬಿಡಿಸಬೇಕಾಗಿತ್ತು. ನಾನು ಬಿಡಿಸಲಿಲ್ಲ. ಅಡ್ಡ ಬಂದವರು ಯಾರೂ ಇರಲಿಲ್ಲ. ನೀರು ಎದುರಿಗೇ ಇತ್ತು, ಮೊರ ಅವಳ ಕೈಯಲ್ಲಿತ್ತು. ಐದು ದಿನ ಸಮುದ್ರದ ಮೇಲೆ ಇದ್ದ ನಮ್ಮಕ್ಕ, ಸಮುದ್ರದ ನೀರನ್ನು ಒಂದು ಬೆರಳಿನಿಂದಲೂ ಮುಟ್ಟದೆ ಊರಿಗೆ ವಾಪಸ್ ಬಂದಳು. ಅದಕ್ಕೆ ಕಾರಣ ನಾನು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಾರೆ ಕೆಲಸ ನನ್ನದು, ಈಗ ಹತ್ತು ಜನ ಮೇಸ್ತ್ರಿ ಅನ್ನುತ್ತಾರೆ. ಅಜ್ಜಂಪುರ, ತರೀಕೆರೆ ಸುತ್ತ ನಾನು ಕಟ್ಟಿದ ಮನೆಗಳು ಸುಮಾರಿವೆ. ಬರೆಯುವುದೆಂದರೆ ಪಾಯದ ಅಳತೆ ಬರೆದುಕೊಳ್ಳುವುದಷ್ಟೇ ಗೊತ್ತು. ಇದನ್ನು ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ಗೋಡೆ ಓರೆಯಾದರೆ ಒಡೆದು ಕಟ್ಟಬಹುದು. ಇದನ್ನು ಎಲ್ಲಿಂದ ಒಡೆಯಬೇಕೋ ತಿಳಿಯಲಿಲ್ಲ.

ಹಡಗಿನ ಪ್ರಯಾಣ ನಾನು ಕೇಳಿದ್ದಲ್ಲ. ತರೀಕೆರೆಯ ಅಂಗಡಿಯಿಂದ ಸಿಮೆಂಟ್ ತರಿಸುತ್ತಿದ್ದೆ. ಯಾವ ಮೇಸ್ತ್ರಿ ಹೆಚ್ಚು ತರಿಸುತ್ತಾನೋ ಅವನಿಗೆ ಕಂಪನಿಯವರು ಬಹುಮಾನ ಕೊಡುತ್ತಾರೆ. ಹಿಂದಿನ ವರ್ಷ ಒಂದು ಕುಕ್ಕರ್ ಕೊಟ್ಟಿದ್ದರು. ಈ ಸಲ ಇಬ್ಬರಿಗೆ ಹಡಗು: ಮುಂಬೈನಿಂದ ಕೊಚ್ಚಿಗೆ ಹೋಗಿ, ಅಲ್ಲಿ ಐದು ಗಂಟೆ ಊರು ನೋಡಿಕೊಂಡು, ಅದೇ ಹಡಗಿನಲ್ಲಿ ವಾಪಸ್. ನನ್ನ ಹೆಂಡತಿಗೆ ಕಡೂರಿಗೆ ಬಸ್ಸಿನಲ್ಲಿ ಹೋದರೇ ವಾಂತಿ. "ನಾನು ಬರಲ್ಲ ಕಣ್ರೀ, ನೀರಿನ ಮೇಲೆ ಸಾಯೋಕೆ. ಅತ್ತಿಗೇನ ಕರ್ಕೊಂಡು ಹೋಗಿ, ದನ ನಾನು ನೋಡ್ಕೋತೀನಿ" ಅಂದಳು.

ನಮ್ಮಕ್ಕ ನಮ್ಮ ಹಿಂದಿನ ಬೀದಿಯಲ್ಲೇ ಇರುವುದು. ಭಾವ ತೀರಿಕೊಂಡು ನಾಲ್ಕು ವರ್ಷ. ನಾನು ಕೆಲಸ ಕಲಿಯುವಾಗ ನನಗೆ ಕಲಸು ಕಲಸಿ ಬಾಂಡ್ಲಿಯಲ್ಲಿ ಹೊತ್ತು ಕೊಟ್ಟವಳು ಅವಳು. ನನ್ನ ಮೊದಲ ಮೂರು ಮನೆಗಳ ಗಾರೆ ಅವಳ ತಲೆಯ ಮೇಲೆ ಏರಿದ್ದು. ಅಜ್ಜಂಪುರ ಬಿಟ್ಟು ಆಚೆ ಹೋಗು ಅಂದರೆ ನೂರು ನೆಪ ಹೇಳುವವಳು. ಬರೋದಿಲ್ಲ ಅನ್ನುತ್ತಾಳೆ ಅಂದುಕೊಂಡೇ ಕೇಳಿದೆ.

"ಸಮುದ್ರಾನಾ?" ಅಂದಳು. "ಬತ್ತೀನಿ ಕಣೋ."

ಇಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೀರೂರು ಸ್ಟೇಷನ್ನಿನಲ್ಲಿ ಅವಳ ಚೀಲ ಎತ್ತಿದಾಗ ಭುಜ ಕಳಚಿದ ಹಾಗಾಯಿತು.

"ಏನ್ ತುಂಬಿದೀಯ ಇದ್ರಲ್ಲಿ? ಸೈಜುಗಲ್ಲಾ?"

"ಬಟ್ಟೆ."

"ಬಟ್ಟೆ ಇಷ್ಟು ಭಾರ ಇರುತ್ತಾ?"

"ನಿನಗೆ ವಯಸ್ಸಾಯ್ತು, ಅದಕ್ಕೆ ಭಾರ" ಅಂತ ರೈಲು ಹತ್ತಿಬಿಟ್ಟಳು.

ಮುಂಬೈ ಬಂದರಿನಲ್ಲಿ ಗೊತ್ತಾಯಿತು ಬಟ್ಟೆ ಯಾವುದು ಅಂತ. ಚೀಲವನ್ನು ಯಂತ್ರದೊಳಗೆ ಬಿಟ್ಟರು, ಯಂತ್ರ ಕೂಗಿತು. ಬಿಚ್ಚಿಸಿದರು. ಮೇಲೆ ಎರಡು ಸೀರೆ. ಕೆಳಗೆ ಒಂದರ ಮೇಲೊಂದು ಮುಚ್ಚಿ ಅರಿಶಿನದ ದಾರ ಸುತ್ತಿದ ಎರಡು ಹೊಸ ಮೊರ. ಒಳಗೆ ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಅರಿಶಿನ ಕುಂಕುಮ, ಹಸಿರು ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಒಂದು ತೆಂಗಿನಕಾಯಿ. ನಮ್ಮ ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಯೂನಿಫಾರಂ ಹಾಕಿದ ಹೆಂಗಸು ಒಂದೊಂದನ್ನೂ ಎತ್ತಿ ಹಿಂದಿಯಲ್ಲಿ ಇದೇನು, ಇದೇನು ಅಂತ ಕೇಳುತ್ತಾಳೆ. ನಮ್ಮಕ್ಕ ಕನ್ನಡದಲ್ಲಿ ಒಂದೊಂದಕ್ಕೂ ಉತ್ತರ ಹೇಳುತ್ತಾಳೆ.

"ಬಾಗಿನ ಕಣವ್ವ, ಬಾಗಿನ. ನಿಮ್ಮೂರಲ್ಲಿ ಇಲ್ವಾ? ಗೌರಿ ಹಬ್ಬ ಮಾಡಲ್ವಾ ನೀನು?"

ಹೊರಗಿನ ತಿನ್ನುವ ಪದಾರ್ಥ ಹಡಗಿನೊಳಗೆ ಬಿಡುವುದಿಲ್ಲವಂತೆ. ಅಕ್ಕಿ, ಬೇಳೆ, ಬೆಲ್ಲ, ಕಾಯಿ ತೆಗೆದು ಒಂದು ಡಬ್ಬಿಗೆ ಹಾಕಿದರು. ಮೊರ, ಬಳೆ, ಅರಿಶಿನದ ಪೊಟ್ಟಣ ವಾಪಸ್ ಕೊಟ್ಟರು. ಕಾಯಿ ಡಬ್ಬಿಗೆ ಬಿದ್ದಾಗ ಅಕ್ಕ ಕೈ ಹಾಕಿ ತೆಗೆದುಕೊಂಡಳು, ಅವರು ಮತ್ತೆ ಕಿತ್ತುಕೊಂಡರು, ಇವಳು ಮತ್ತೆ ಕೈ ಹಾಕಿದಳು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು. ತೋಳು ಹಿಡಿದು ಎಳೆದುಕೊಂಡು ಬಂದೆ.

"ನಮ್ಮ ಮರದ ಕಾಯಿ ಕಣೋ ಅದು" ಅಂದಳು. ಅದನ್ನೇ ಹಡಗಿನಲ್ಲಿ ಎರಡು ದಿನ ಅಂದಳು.

ನಮ್ಮ ಜೊತೆ ಕಂಪನಿಯ ಖರ್ಚಿನಲ್ಲಿ ಬಂದಿದ್ದ ಮೇಸ್ತ್ರಿಗಳು, ಅವರ ಹೆಂಡಂದಿರು ಸೇರಿ ನಲವತ್ತು ಜನ. ಕಡೂರಿನ ಮೇಸ್ತ್ರಿಯೊಬ್ಬರು ಮತ್ತು ಅವರ ಹೆಂಡತಿಯ ಕೋಣೆ ನಮ್ಮ ಕೋಣೆಯ ಎದುರಿಗೆ. ನಮಗೆ ಕೊಟ್ಟ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಕ್ಕ ನಾಲ್ಕೂ ಗೋಡೆ ತಟ್ಟಿ ನೋಡಿದಳು. "ಸಮುದ್ರ ತೋರಿಸ್ತೀನಿ ಅಂತ ಕರ್ಕೊಂಡ್ಬಂದು ಕಣಜದೊಳಗೆ ಹಾಕಿದಾರಲ್ಲೋ. ನೀನು ಇಂಥ ಮನೆ ಕಟ್ಟಿದ್ರೆ ಯಜಮಾನ್ರು ಸುಮ್ನೆ ಬಿಡ್ತಿದ್ರಾ?" ಅಂದಳು. ಊಟದ ಹಾಲಿನಲ್ಲಿ ನೂರು ತಟ್ಟೆ ನೂರು ಬಣ್ಣದ ತಿಂಡಿ ಇಟ್ಟಿದ್ದರು. ಅವಳು ಎಲ್ಲವನ್ನೂ ಒಂದು ಸುತ್ತು ನೋಡಿ, ಅನ್ನ ಮೊಸರು ಹಾಕಿಕೊಂಡು, ಉಪ್ಪಿನಕಾಯಿ ಎಲ್ಲಿ ಅಂತ ಕೇಳಲು ನನ್ನನ್ನು ಕಳಿಸುತ್ತಿದ್ದಳು. ನಾನು ಉಪ್ಪಿನಕಾಯಿಯನ್ನು ಹಿಂದಿಯಲ್ಲಿ ಕೇಳಲು ಬಾರದೆ ಬೆರಳು ನೆಕ್ಕಿ ತೋರಿಸಿದೆ. ಐಸ್‌ಕ್ರೀಂ ಕೊಟ್ಟರು.

ಮೊದಲ ಬೆಳಿಗ್ಗೆ ಮೇಲಿನ ಅಂತಸ್ತಿಗೆ ಹೋಗಿ ಕಂಬಿ ಹಿಡಿದು ಕೆಳಗೆ ನೋಡಿದಳು. ನೀರು ಹತ್ತು ಅಂತಸ್ತು ಕೆಳಗಿತ್ತು.

"ಹಗ್ಗ ಸಿಗುತ್ತಾ ಇಲ್ಲಿ?"

"ಯಾಕೆ?"

"ಮೊರ ಕಟ್ಟಿ ಇಳಿಸೋಣ. ಬಾವಿಗೆ ಬಿಂದಿಗೆ ಇಳಿಸೋ ಹಾಗೆ."

"ಅಕ್ಕ, ಇದು ಹಡಗು. ಇಲ್ಲಿಂದ ಒಂದು ಕಾಗದ ಎಸೆದ್ರೂ ಹಿಡ್ಕೊಂಡು ಹೋಗ್ತಾರೆ."

"ಎಸೀತೀನಿ ಅಂತ ಯಾರಂದ್ರು? ಇಳಿಸೋಣ ಅಂದಿದ್ದು."

ಆಗ ಸಿಟ್ಟು ಬಂದು ಕೇಳಿದೆ, ಅಷ್ಟಕ್ಕೂ ಈ ಬಾಗಿನ ಯಾಕೆ, ಇಲ್ಲಿಗೆ ಯಾಕೆ ತಂದೆ ಅಂತ. ಅವಳು ಸೆರಗು ಸರಿಮಾಡಿಕೊಂಡಳು. "ಕೆರೆಗೆ ಕೊಡೋಕಾಗ್ಲಿಲ್ಲವಲ್ಲೋ" ಅಂದಳು.

ಅಷ್ಟೇ ಅಂದಿದ್ದು. ನನಗೆ ಎಲ್ಲ ಅರ್ಥವಾಯಿತು. ಆದರೂ ಅರ್ಥವಾಗದವನ ಹಾಗೆ ನಿಂತುಕೊಂಡೆ.

ಅದಕ್ಕೆ ಹಿಂದೆ, ಮಳೆಗಾಲದ ಕೊನೆಗೆ, ನಮ್ಮ ಕೆರೆ ಕೋಡಿ ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ತುಂಬಿದ್ದು. ಕೆರೆ ತುಂಬಿದರೆ ನಮ್ಮ ಕಡೆ ಹೆಂಗಸರು ಗಂಗಮ್ಮನಿಗೆ ಮೊರದ ಬಾಗಿನ ಬಿಡುತ್ತಾರೆ. ಅಕ್ಕನೂ ಮೊರ ಕಟ್ಟಿಕೊಂಡು ಬಂದಳು. ಭಾವ ಇದ್ದಾಗ ಹಿಂದೆ ಒಂದು ಸಲ ಕೆರೆ ತುಂಬಿದಾಗ ಅವಳೇ ಮುಂದೆ ನಿಂತು ಬಿಟ್ಟಿದ್ದಳು, ಆ ನೆನಪಿನಲ್ಲಿ ಬಂದಳೋ ಏನೋ. ಏರಿಯ ಮೇಲೆ ನಮ್ಮ ಬೀದಿಯ ದೊಡ್ಡಮ್ಮ, ವರಸೆಯಲ್ಲಿ ದೊಡ್ಡಮ್ಮ, ಊರಿನ ಶಾಸ್ತ್ರವೆಲ್ಲ ಅವಳ ಬಾಯಲ್ಲೇ, ಇವಳ ಮೊರ ನೋಡಿ ಮೆಲ್ಲಗೆ ಅಂದಳು: "ನೀನು ಆ ಕಡೆ ನಿಂತ್ಕೊಳವ್ವ. ಮುತ್ತೈದೇರು ಬಿಡ್ಲಿ." ಬೈಯಲಿಲ್ಲ, ದೂಡಲಿಲ್ಲ. ಅಕ್ಕ ಮೊರವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಏರಿಯ ಬೇಲಿಗಿಡದ ಹತ್ತಿರ ಹೋಗಿ ನಿಂತಳು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಎಲ್ಲ ಕೇಳಿಸಿತು. ತೂಬಿನ ಕಲ್ಲು ಯಾವ ಕಾಲದ್ದು ಅಂತ ಯಾರೋ ಕೇಳಿದ್ದರು, ಅದನ್ನೇ ವಿವರಿಸುತ್ತಾ ಇದ್ದೆ. ಮಧ್ಯೆ ನಿಲ್ಲಿಸಲೂ ಇಲ್ಲ.

ಆ ವಿಷಯ ಅವಳು ಒಂದು ದಿನವೂ ಎತ್ತಿರಲಿಲ್ಲ. ಈಗ ಹಡಗಿನ ಕಂಬಿ ಹಿಡಿದು ಎತ್ತಿದಳು. "ಆ ನೀರೆಲ್ಲ ಕೊನೆಗೆ ಸಮುದ್ರಕ್ಕೆ ತಾನೆ ಬರೋದು? ಇಲ್ಲಿ ಬಿಟ್ರೆ ಅಲ್ಲಿ ಬಿಟ್ಟ ಹಾಗೇ. ಇಲ್ಲಿ ನನ್ನ ಯಾರೂ ಆ ಕಡೆ ನಿಂತ್ಕೋ ಅನ್ನಲ್ಲ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಕಡೂರಿನ ಮೇಸ್ತ್ರಿಗೆ ಕೊನೆಯ ಮಾತು ಕೇಳಿಸಲಿಲ್ಲ, ಮೊದಲಿನದು ಕೇಳಿಸಿತು. ಆ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇಲ್ಲ. "ಇಲ್ಲಮ್ಮ, ನಿಮ್ಮ ಕಡೆ ನೀರು ಈ ಸಮುದ್ರಕ್ಕೆ ಬರಲ್ಲ. ಅದು ಪೂರ್ವಕ್ಕೆ ಹರಿದು ಆ ಕಡೆ ಸಮುದ್ರಕ್ಕೆ ಹೋಗೋದು."

ಅಕ್ಕ ಅವನನ್ನು ಒಮ್ಮೆ ನೋಡಿದಳು. "ಮಧ್ಯ ಗೋಡೆ ಕಟ್ಟಿದೀರೇನಪ್ಪಾ ಮೇಸ್ತ್ರಿ?"

ಅವನು ಟೀ ಕುಡಿದು ಲೋಟ ಇಡಲು ಹೋದವನು ಮಧ್ಯಾಹ್ನದವರೆಗೆ ಆ ಕಡೆ ಬರಲಿಲ್ಲ. ನಾನು ನಕ್ಕೆ. ನಕ್ಕ ಖುಷಿಯಲ್ಲಿ ಮಾತು ಕೊಟ್ಟೆ: "ಕೊಚ್ಚೀಲಿ ಇಳೀತೀವಲ್ಲ, ಅಲ್ಲಿ ದಡದಲ್ಲಿ ನಿಂತು ಬಿಡು. ನಾನೇ ನಿಲ್ಲಿಸಿ ಬಿಡಿಸ್ತೀನಿ."

"ಕಾಯಿ ಬೇಕು" ಅಂದಳು.

"ಅದು ತೆಂಗಿನ ನಾಡು ಕಣಕ್ಕ. ಅಲ್ಲಿ ಕಾಯಿ ಸಿಗಲ್ವಾ?"

ಈಗ ಕೊಚ್ಚಿಯ ಐದು ಗಂಟೆ ಹೇಗೆ ಹೋಯಿತು ಕೇಳಿ. ಹಡಗಿನಿಂದ ಇಳಿಯಲು ಸಾಲು, ಅದರಲ್ಲೇ ಒಂದು ಗಂಟೆ. ಕೆಳಗೆ ಬಸ್ಸು, ಬಸ್ಸಿನಲ್ಲಿ ಹಳದಿ ಬಾವುಟ ಹಿಡಿದ ಗೈಡು. ಹರಕು ಕನ್ನಡ ಬರುತ್ತಿತ್ತು. ಎಲ್ಲದಕ್ಕೂ ಒಂದೇ ಮಾತು: "ಬೇಗ ಬೇಗ, ಹಡಗು ಕಾಯಲ್ಲ." ನಲವತ್ತು ಜನ ಬಾವುಟದ ಹಿಂದೆ ಓಡಿದೆವು. ನಮ್ಮ ಕಡೆಯ ಎಮ್ಮೆದೊಡ್ಡಿ ಹುಲ್ಲುಗಾವಲಿನ ದನಗಳೂ ಹಾಗೆ ಒಬ್ಬನ ಹಿಂದೆ ಹೋಗುವುದಿಲ್ಲ, ತಿರುಗಿ ಕೊಂಬು ತೋರಿಸುತ್ತವೆ. ಹಳೇ ಚರ್ಚಿನಲ್ಲಿ ಹತ್ತು ನಿಮಿಷ. ನಾನು ಗೋಡೆಯ ದಪ್ಪ ನೋಡಲು ಕೈ ಇಟ್ಟೆ, ಬೇಗ ಬೇಗ ಅಂದ. ಅರಮನೆಯಲ್ಲಿ ಹದಿನೈದು ನಿಮಿಷ, ಅದರಲ್ಲಿ ಚಪ್ಪಲಿ ಬಿಡುವುದಕ್ಕೆ ಐದು, ಹುಡುಕುವುದಕ್ಕೆ ಐದು. ಆಮೇಲೆ ಒಂದು ಮಸಾಲೆ ಅಂಗಡಿಗೆ ನುಗ್ಗಿಸಿದ. ಅಲ್ಲಿ ಮಾತ್ರ ಬೇಗ ಬೇಗ ಇಲ್ಲ. ಒಂದು ಗಂಟೆ ಕೂರಿಸಿ, ಏಲಕ್ಕಿ ಮೂಸಿಸಿದರು, ಕಾಳುಮೆಣಸು ತೋರಿಸಿದರು. ಚಿಕ್ಕಮಗಳೂರು ಜಿಲ್ಲೆಯವರಿಗೆ ಕಾಳುಮೆಣಸು ಅಂದರೆ ಹೀಗಿರುತ್ತೆ ಅಂತ ತೋರಿಸಿದರು! ತರೀಕೆರೆಯ ಒಬ್ಬ ಅದನ್ನು ಕಾಲು ಕಿಲೋ ಕೊಂಡೂ ಕೊಂಡ.

ಅಲ್ಲಿ ತಿರುಗಿ ನೋಡುತ್ತೇನೆ, ಅಕ್ಕ ಇಲ್ಲ.

ಅಂಗಡಿಯಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ. ಅವಳ ಹತ್ತಿರ ಫೋನೂ ಇಲ್ಲ, ಇದ್ದದ್ದನ್ನು ಹಡಗಿನ ದಿಂಬಿನ ಕೆಳಗೆ ಜೋಪಾನವಾಗಿ ಇಟ್ಟು ಬಂದಿದ್ದಾಳೆ. ಓಡಿದೆ. ಎರಡು ಬೀದಿ ಆಚೆ ಒಂದು ದಿನಸಿ ಅಂಗಡಿಯ ಮುಂದೆ ನಿಂತಿದ್ದಳು. ಮುಂದೆ ಕಾಯಿಗಳ ರಾಶಿ. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ಪಕ್ಕಕ್ಕೆ ಇಡುತ್ತಿದ್ದಳು. ಅಂಗಡಿಯವನು ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದ.

"ನಡಿಯಕ್ಕ! ಬಸ್ ಹೊರಡ್ತಿದೆ! ಯಾವ್ದಾದ್ರೂ ಒಂದು ತಗೋ!"

"ಜುಟ್ಟು ಇಲ್ವಲ್ಲೋ ಯಾವ್ದಕ್ಕೂ."

ನಿಜ. ಅಲ್ಲಿಯ ಕಾಯಿಗಳನ್ನು ಪೂರ್ತಿ ನುಣ್ಣಗೆ ಸುಲಿದಿದ್ದರು. ನಮ್ಮಲ್ಲಿ ದೇವರಿಗಿಡುವ ಕಾಯಿಗೆ ಮೇಲೊಂದು ಜುಟ್ಟು ಬಿಟ್ಟೇ ಸುಲಿಯುವುದು, ಜುಟ್ಟಿಲ್ಲದ ಕಾಯಿ ಚಟ್ನಿಗೆ. ಇದನ್ನು ಅಂಗಡಿಯವನಿಗೆ ಹೇಗೆ ಹೇಳುವುದು? ಅಕ್ಕ ಹೇಳಿದಳು. ತನ್ನ ತಲೆಯ ಮೇಲೆ ಐದು ಬೆರಳು ಕೂಡಿಸಿ ಜುಟ್ಟು ಮಾಡಿ ತೋರಿಸಿದಳು. ಅವನು ನಕ್ಕು, ಒಳಗೆ ಹೋಗಿ ಸಿಪ್ಪೆ ಇರುವ ಇಡೀ ಕಾಯಿ ತಂದ. ಸುಲಿಯುವವರು ಯಾರು? ಅಕ್ಕನೇ. ಅವರ ಹಿತ್ತಲಿನ ಹಾರೆಯ ಮೇಲೆ ಕಾಯಿ ಕುಕ್ಕಿ, ಜುಟ್ಟು ಬಿಟ್ಟು ಸುಲಿದಳು. ಆ ಮನೆಯ ಹೆಂಗಸರೆಲ್ಲ ಹೊರಗೆ ಬಂದು ನೋಡಿದರು. ಗೈಡು ನನಗೆ ಐದು ಸಲ ಫೋನ್ ಮಾಡಿದ. ಬಿಸಿಲು, ಬೆವರು, ಬೀದಿಯ ಮೀನಿನ ವಾಸನೆ. ಅಂಗಡಿಯವನ ಹೆಂಡತಿ ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ ತಾನೇ ತಂದು ಕೊಟ್ಟಳು. ಅಕ್ಕ ಅವಳ ಕೆನ್ನೆ ಸವರಿದಳು.

ನನಗೆ ಇದ್ಯಾವುದೂ ಆಗ ಚೆಂದ ಕಾಣಲಿಲ್ಲ. ಎಲ್ಲಾದರೂ ಹೋಗಿ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ದಾರಿಯುದ್ದಕ್ಕೂ ಅವಳನ್ನು ಬೈದೆ. "ಬಾಗಿನ ಬಾಗಿನ ಅಂತ ನನ್ನ ಮಾನ ತೆಗೆದೆ. ಊರು ಬಿಟ್ಟಾಗಿಂದ ನಿನ್ನ ಹಿಂದೆ ಓಡೋದೇ ಆಯ್ತು." ಅವಳು ಕಾಯಿಯನ್ನು ಸೆರಗಿನಲ್ಲಿ ಒರೆಸುತ್ತಾ ಬಂದಳು.

ಬಸ್ಸಿನಲ್ಲಿ ನಲವತ್ತು ಜನ ಕಾದು ಕೂತಿದ್ದರು. ಎಲ್ಲರೂ ನಮ್ಮನ್ನೇ ನೋಡಿದರು. ಕಡೂರಿನ ಮೇಸ್ತ್ರಿ ಗಡಿಯಾರ ನೋಡಿಕೊಂಡ. ಅಕ್ಕ ಸೀಟಿನಲ್ಲಿ ಕೂತು ಮೊರ ತೊಡೆಯ ಮೇಲಿಟ್ಟು, ಅಕ್ಕಿ ಬೆಲ್ಲ ಹಾಕಿ, ಕಾಯಿ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದಳು.

ಕೊನೆಗೆ ಸಮುದ್ರದ ದಡ. ದೊಡ್ಡ ದೊಡ್ಡ ಬಲೆಗಳು ಮರದ ತೊಲೆಗಳ ಮೇಲೆ ನೇತಾಡುತ್ತಿದ್ದವು. ಚೀನಾ ಬಲೆ ಅಂದ ಗೈಡು. "ಹದಿನೈದು ನಿಮಿಷ. ಫೋಟೋ ತಗೊಳ್ಳಿ. ಬೇಗ ಬೇಗ." ನಾನು ಸಮುದ್ರ ಅಂದರೆ ನೀಲಿ ಅಂದುಕೊಂಡಿದ್ದೆ. ಅಲ್ಲಿ ನೀರು ನಮ್ಮ ಕೆರೆಯ ಹಾಗೆ ಕೆಂಚಗಿತ್ತು, ನಮ್ಮ ಕೆರೆಯಲ್ಲಿ ಬೆಳೆಯುವ ಅಂತರಗಂಗೆಯೇ ರಾಶಿ ರಾಶಿ ತೇಲಿಬರುತ್ತಿತ್ತು. ಅಕ್ಕ ಅದನ್ನು ನೋಡಿ ನನ್ನ ಮೊಣಕೈ ಹಿಡಿದಳು. "ನೋಡೋ. ಗೋಡೆ ಇಲ್ಲ ಅಂದೆನಲ್ಲ." ಬೆಳಿಗ್ಗೆಯಿಂದ ಅವಳ ಮುಖ ಅಷ್ಟು ಹಗುರ ಇದ್ದದ್ದು ಆಗಲೇ. ಚಪ್ಪಲಿ ಬಿಟ್ಟಳು. ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿದಳು. ಮೊರ ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೆಟ್ಟಿಲು ಇಳಿಯತೊಡಗಿದಳು. ನೀರು ಇನ್ನು ಎರಡು ಮೆಟ್ಟಿಲು ಕೆಳಗಿತ್ತು.

ಆಗ ಕಡೂರಿನ ಮೇಸ್ತ್ರಿಯ ಹೆಂಡತಿ ಹಿಂದಿನಿಂದ ಬಂದರು. "ಅಯ್ಯೋ, ಮೊರದ ಬಾಗಿನ! ಎಷ್ಟು ಅಚ್ಚುಕಟ್ಟಾಗಿ ಕಟ್ಟಿದೀರಿ! ಯಾರು ಬಿಡೋದು?"

ಅಷ್ಟೇ ಕೇಳಿದ್ದು. ಆಮೇಲೆ ನೂರು ಸಲ ಆ ಮಾತನ್ನು ರಸಮಟ್ಟ ಇಟ್ಟು ನೋಡಿದ ಹಾಗೆ ನೋಡಿದ್ದೇನೆ, ಅದರಲ್ಲಿ ಒಂದು ನೂಲಿನಷ್ಟೂ ಓರೆ ಇರಲಿಲ್ಲ. ಒಳ್ಳೆಯ ಹೆಂಗಸು, ಸುಮ್ಮನೆ ಕೇಳಿದರು. ನನಗೆ ಮಾತ್ರ ಕೆರೆಯ ಏರಿ ಕಣ್ಣ ಮುಂದೆ ಬಂತು. ಅವರ ಹಿಂದೆ ನಾಲ್ಕೈದು ಹೆಂಗಸರು, ಫೋನ್ ಹಿಡಿದ ಗಂಡಸರು. ಈಗ ಯಾರಾದರೂ ಅಕ್ಕನ ಹಣೆ ನೋಡುತ್ತಾರೆ, ಕೊರಳು ನೋಡುತ್ತಾರೆ. ನಾಳೆ ತರೀಕೆರೆಯ ಸಿಮೆಂಟ್ ಅಂಗಡಿಯಲ್ಲಿ ನಗುತ್ತಾರೆ. ಅರ್ಧ ಗಂಟೆಯಿಂದ ಕುದಿಯುತ್ತಿದ್ದ ಸಿಟ್ಟು ಬೇರೆ ಇತ್ತು. ಎಲ್ಲ ಸೇರಿ ಬಾಯಿಗೆ ಬಂತು.

"ನಮ್ಮನೆಯವಳು ಕಳ್ಸಿದ್ದು. ಅವಳು ಬಂದಿಲ್ವಲ್ಲ, ನೀವೇ ಬಿಟ್ಬಿಡಿ."

ಹೇಳಿದವನೇ ಎರಡು ಮೆಟ್ಟಿಲು ಇಳಿದು ಅಕ್ಕನ ಕೈಯಿಂದ ಮೊರ ತೆಗೆದುಕೊಂಡೆ. ಅವಳು ಒಂದು ಕ್ಷಣ ಬಿಡಲಿಲ್ಲ. ಇಬ್ಬರೂ ಹಿಡಿದಿದ್ದಕ್ಕೆ ಮೊರದ ಬಿದಿರು ಕಿರ್ ಅಂದಿತು. ನನ್ನ ಮುಖ ನೋಡಿದಳು. ಆಮೇಲೆ ಬೆರಳು ಸಡಿಲ ಮಾಡಿದಳು.

"ಹೌದಾ? ಪುಣ್ಯ ನಂದು" ಅಂದರು ಆ ಹೆಂಗಸು. ಸಂಭ್ರಮದಿಂದ ಇಳಿದು, ನೀರಿಗೆ ಅರಿಶಿನ ಕುಂಕುಮ ಹಾಕಿ, ಬಾಗಿನ ಬಿಟ್ಟರು. ಅವರ ಗಂಡ ವಿಡಿಯೋ ಮಾಡಿದ. ಮೊರ ಅಂತರಗಂಗೆಯ ಒಂದು ಗುಡ್ಡೆಗೆ ತಾಕಿ, ತಿರುಗಿ, ಬಲೆಗಳ ಕೆಳಗೆ ಹೋಯಿತು. ಹೆಂಗಸರು ಕೈಮುಗಿದರು. ಅಕ್ಕ ನಿಂತಲ್ಲಿಂದಲೇ ಕೈಮುಗಿದಳು. ನೀರಿಗೂ ಅವಳಿಗೂ ಮಧ್ಯೆ ಎರಡು ಮೆಟ್ಟಿಲು ಉಳಿದಿತ್ತು. ಬಸ್ಸಿನವನು ಹಾರ್ನ್ ಹೊಡೆದ. ಅವಳು ತಿರುಗಿ ಮೇಲೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸಿನಲ್ಲಿ ಅಂಗೈ ನೋಡಿಕೊಂಡು ಕೂತಿದ್ದಳು. ಅಂಗೈಯಲ್ಲಿ ದಾರದ ಅರಿಶಿನ ಹತ್ತಿತ್ತು. ನಾನು ಏನಾದರೂ ಅಂತಾಳೆ ಅಂತ ಕಾದೆ. ಬೈದರೆ ನಾನೂ ಬೈಯಬಹುದು ಅಂತ ಮನಸ್ಸಿನಲ್ಲಿ ಉತ್ತರ ಕೂಡ ಜೋಡಿಸಿಟ್ಟುಕೊಂಡಿದ್ದೆ. ಹಡಗು ಹತ್ತುವಾಗ ಅಂದಳು: "ಜುಟ್ಟು ಸರಿಯಾಗಿ ಬಿಟ್ಟಿದ್ದೆ ಅಲ್ವಾ ಕಾಯಿಗೆ?"

"ಹೂಂ" ಅಂದೆ.

ವಾಪಸ್ ಬರುವಾಗ ಎರಡು ದಿನ ಅವಳು ಮೇಲಿನ ಅಂತಸ್ತಿಗೆ ಬರಲಿಲ್ಲ. ಆ ಕಿಟಕಿ ಇಲ್ಲದ ಕೋಣೆಯಲ್ಲೇ ಇದ್ದಳು. ಉಪ್ಪಿನಕಾಯಿ ಕೂಡ ಕೇಳಲಿಲ್ಲ.

ಊರಿಗೆ ಬಂದ ಮೇಲೆ ನನಗೆ ಇನ್ನೂ ಕಿರಿಕಿರಿ ಶುರುವಾಯಿತು. ಹೋದಲ್ಲೆಲ್ಲ "ಹಡಗು ಹೆಂಗಿತ್ತು ಮೇಸ್ತ್ರಿ?" ಅನ್ನುತ್ತಾರೆ. ಕೆಲಸದವರು ಕೇಳುತ್ತಾರೆ, ಮನೆ ಕಟ್ಟಿಸುವವರು ಕೇಳುತ್ತಾರೆ, ಸಖರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುವಾಗ ಗುರುತಿಲ್ಲದವನೂ ಕೇಳಿದ. ಅಕ್ಕ ಮಾತ್ರ ಎಲ್ಲರಿಗೂ ಚೆನ್ನಾಗಿ ಹೇಳುತ್ತಿದ್ದಳು. ಹಡಗಿನೊಳಗೆ ಲಿಫ್ಟ್, ನಾನು ಬೆರಳು ನೆಕ್ಕಿ ತೋರಿಸಿ ಐಸ್‌ಕ್ರೀಂ ತಂದದ್ದು, ಕಡೂರಿನವನಿಗೆ ಗೋಡೆ ಕಟ್ಟಿದೀರಾ ಅಂದದ್ದು. ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: "ನನ್ನ ತಮ್ಮ ಸಮುದ್ರ ತೋರಿಸ್ಕೊಂಡು ಬಂದ." ಅವಳು ಬೇಕೆಂದು ಚುಚ್ಚುತ್ತಿದ್ದಾಳೆ ಅಂತ ಮೊದಲು ಅಂದುಕೊಂಡೆ. ಇಲ್ಲ, ನಿಜವಾಗಿಯೇ ಹೇಳುತ್ತಿದ್ದಳು. ಅದು ಇನ್ನೂ ಕಷ್ಟ.

ಒಂದು ದಿನ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಕೆರೆಯೇರಿಯ ಆ ದೊಡ್ಡಮ್ಮ ಅಕ್ಕನನ್ನು ಕೇಳಿದಳು, "ಬಾಗಿನ ತಗೊಂಡು ಹೋಗಿದ್ಯಂತಲ್ಲ, ಯಾರು ಬಿಟ್ರೇ?"

"ಕಡೂರಿನೋರೊಬ್ರು ಬಿಟ್ರು ದೊಡ್ಡಮ್ಮ. ಮುತ್ತೈದೆ."

"ಒಳ್ಳೇದಾಯ್ತು ಬಿಡು."

ನಾನು ಹಿಂದೆಯೇ ಕ್ಯಾನ್ ಹಿಡಿದು ನಿಂತಿದ್ದೆ. ಕೆರೆ ಏರಿಯ ಮೇಲಿನ ಹಾಗೇ ಇಲ್ಲೂ ಸುಮ್ಮನಿದ್ದೆ. ಆ ದಿನ ಮನೆಗೆ ಬಂದು ಹೆಂಡತಿಯ ಮೇಲೆ, ದನದ ಮೇಲೆ, ಸಿಕ್ಕವರ ಮೇಲೆಲ್ಲ ರೇಗಿದೆ. ಹೆಂಡತಿಗೆ ಅವಳ ಹೆಸರಿನಲ್ಲಿ ಸುಳ್ಳು ಹೇಳಿದ್ದೂ ಗೊತ್ತಿರಲಿಲ್ಲ. ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ, "ನನ್ನ ಹೆಸರು ಯಾಕ್ರೀ ತಗೊಂಡ್ರಿ? ಕೆರೆಗೂ ಅವತ್ತು ನಾನೇ ಬಿಟ್ಟೆ, ಅತ್ತಿಗೆ ಮೊರಾನ. ಅವತ್ತಿಂದ ನನಗೆ ಅವರ ಮುಖ ನೋಡೋಕಾಗಿಲ್ಲ" ಅಂದಳು. ಆ ಮುಖವನ್ನು ನಾನು ನೋಡಿಕೊಂಡೇ ಇದ್ದೆನಲ್ಲ, ದಿನವೂ.

ಹೋದ ತಿಂಗಳು ಅಕ್ಕನ ಹಿತ್ತಲಿನ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ಕೆಲಸದವರನ್ನು ಕಳಿಸಬಹುದಿತ್ತು. ನಾನೇ ಬೆಳಿಗ್ಗೆ ಕರಣೆ ತಗೊಂಡು ಹೋದೆ. ಅವಳು ಯಾರೂ ಹೇಳದೆಯೇ ಸೆರಗು ಕಟ್ಟಿ ಕಲಸು ಕಲಸಲು ನಿಂತಳು. ಮರಳು ಎಷ್ಟು, ನೀರು ಎಷ್ಟು, ಈಗಲೂ ನೋಡದೆ ಹಾಕುತ್ತಾಳೆ. ಬಾಂಡ್ಲಿಯಲ್ಲಿ ತಂದು ನನ್ನ ಪಕ್ಕ ಇಟ್ಟಳು. ನಾನು ತೊಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂತು, ಗೋಡೆಯ ಕಡೆ ಮುಖ ಮಾಡಿ, ಬಿರುಕಿಗೆ ಗಾರೆ ತುಂಬುತ್ತಾ, ಎಷ್ಟೋ ದಿನದಿಂದ ಬಾಯಲ್ಲಿದ್ದದ್ದನ್ನು ಅಂದೆ.

"ಏನು ಗೊಣಗ್ತಿದೀಯ?"

ಇನ್ನೊಂದು ಸಲ ಅಂದೆ. ಅಷ್ಟೇ ಮೆಲ್ಲಗೆ.

ಅವಳಿಗೆ ಕೇಳಿಸಿತು. ಸಲಿಕೆ ಊರಿ ನಿಂತಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಬಂದದ್ದು ಕಂಡಿತು.

"ಯಾಕಲೇ, ತೊಟ್ಟಿಯೊಳಗೆ ಕೂತು ಗೋಡೆಗೆ ಹೇಳ್ತೀಯ? ಕೊಚ್ಚೀಲಿ ಅಷ್ಟು ಜನದ ಮುಂದೆ ನಿನ್ನ ಕೈ ಎಷ್ಟು ಜೋರಾಗಿತ್ತು. ಮೊರದ ಅಂಚು ನನ್ನ ಬೆರಳು ಕುಯ್ದಿತ್ತು ಕಣೋ, ನೀನು ನೋಡಿದ್ಯಾ? ಈಗ ಬಾಯಿ ಯಾಕೆ ಸಣ್ಣ ಆಯ್ತು?"

ಡೈರಿಯ ಹೊತ್ತು. ಹಿತ್ತಲಿನ ಮೋಟುಗೋಡೆಯ ಆಚೆ ಓಣಿಯಲ್ಲಿ ಹೆಂಗಸರು ಕ್ಯಾನ್ ಹಿಡಿದು ಹೋಗುತ್ತಿದ್ದರು. ಅಕ್ಕನ ದನಿ ಕೇಳಿ ಇಬ್ಬರು ನಿಂತರು, ಹಿಂದೆ ಬರುತ್ತಿದ್ದ ದೊಡ್ಡಮ್ಮನೂ ನಿಂತಳು. "ಏನೇ ಅದು, ಅಕ್ಕ ತಮ್ಮ ಬೆಳಿಗ್ಗೇನೇ?" ಅಂದಳು. ಅಕ್ಕ ಆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಕರಣೆ ಕೈಯಲ್ಲೇ ಇತ್ತು. ತೊಟ್ಟಿಯಲ್ಲಿ ಎದ್ದು ನಿಂತೆ, ಓಣಿಯವರಿಗೆ ನನ್ನ ಎದೆಯವರೆಗೆ ಕಾಣುವ ಹಾಗೆ. ಮೇಲೆ ಅಟ್ಟಣಿಗೆಯಲ್ಲಿ ಕೆಲಸ ಮಾಡುವವನಿಗೆ ಕೂಗಿ ಹೇಳುವಷ್ಟು ಜೋರಾಗಿ ಹೇಳಿದೆ:

"ಅಕ್ಕ, ತಪ್ಪಾಯ್ತು. ಆ ಬಾಗಿನ ನಿಂದು, ನಮ್ಮನೆಯವಳು ಕಳ್ಸಿದ್ದಲ್ಲ. ಕೆರೆ ಏರಿ ಮೇಲೆ ನಿನ್ನ ಆ ಕಡೆ ನಿಂತ್ಕೋ ಅಂದಾಗ ನಾನು ಕೇಳಿಸ್ಕೊಂಡೆ, ಸುಮ್ಮನಿದ್ದೆ. ಕೊಚ್ಚೀಲಿ ನಿನಗೆ ಯಾರೂ ಏನೂ ಅಂದಿರಲಿಲ್ಲ, ನಾನೇ ನಿನ್ನ ಕೈಯಿಂದ ಕಿತ್ಕೊಂಡೆ. ತಪ್ಪಾಯ್ತು ಕಣಕ್ಕ."